ಸ್ವಯಂಛೇದಕ ವೈರಸ್ ಆರ್‌ಎನ್‌ಎಯ ಕುಣಿಕೆಗಳು: ಒಂದು ಅಧ್ಯಯನ ಚರಿತ್ರೆ

ಪೀಠಿಕೆ

ಜೀವಕೋಶದಲ್ಲಿ ಡಿಎನ್‌ಎ ಮಾಹಿತಿಯನ್ನು ಕಾಪಿಡುತ್ತದೆ, ಪ್ರೋಟೀನ್ ಕೆಲಸ ಮಾಡುತ್ತದೆ, ಇವೆರಡರ ನಡುವೆ ಆರ್‌ಎನ್‌ಎ ಸುದ್ದಿಯನ್ನು ಹೊತ್ತೊಯ್ಯುತ್ತದೆ ಎಂಬ ತಿಳಿವಳಿಕೆ 1980ರ ದಶಕದ ಆರಂಭದವರೆಗೂ ಜೀವವಿಜ್ಞಾನದಲ್ಲಿ ಬಲವಾಗಿ ನೆಲೆಯೂರಿತ್ತು. ಈ ತಿಳಿವಳಿಕೆಯನ್ನು ಬದಲಿಸಿದ ಸಂಗತಿಗಳಲ್ಲಿ ಸ್ವಯಂಛೇದಕ ಆರ್‌ಎನ್‌ಎಯ ಶೋಧವೂ ಒಂದು. ಕೆಲವು ಸಸ್ಯವೈರಸ್‌ಗಳ ಜೊತೆಗಾರ ಆರ್‌ಎನ್‌ಎಗಳು, ವೈರಸ್ಸಿಗಿಂತಲೂ ಸರಳವಾದ ಕೆಲವು ವೈರಾಯ್ಡ್‌ಗಳು ಹಾಗೂ ಮನುಷ್ಯನ ಯಕೃತ್ತನ್ನು ಬಾಧಿಸುವ ಡೆಲ್ಟಾ ವೈರಸ್ಸು ತಮ್ಮ ಆರ್‌ಎನ್‌ಎ ಎಳೆಯನ್ನು ಗೊತ್ತಾದ ಒಂದು ಸ್ಥಳದಲ್ಲಿ ತಾವೇ ಕತ್ತರಿಸಿಕೊಳ್ಳುತ್ತವೆ. ಈ ಕೆಲಸಕ್ಕೆ ಯಾವ ಪ್ರೋಟೀನಿನ ನೆರವೂ ಅವುಗಳಿಗೆ ಬೇಕಿಲ್ಲ.

ಈ ಸಾಮರ್ಥ್ಯವು ಆರ್‌ಎನ್‌ಎ ತಾಳುವ ಆಕಾರದಲ್ಲಿದೆ. ಆರ್‌ಎನ್‌ಎ ಎಂಬುದು ಅಡಿನೀನ್, ಗ್ವಾನೀನ್, ಸೈಟೊಸೀನ್, ಯುರಾಸಿಲ್ ಎಂಬ ನಾಲ್ಕು ಪ್ರತ್ಯಾಮ್ಲಗಳು ಸಾಲುಗೊಂಡ ಒಂಟಿ ಎಳೆ. ಅದು ತನ್ನ ಮೇಲೆ ತಾನೇ ಮಡಚಿಕೊಂಡಾಗ ಅಡಿನೀನ್ ಯುರಾಸಿಲ್‌ನೊಡನೆಯೂ ಗ್ವಾನೀನ್ ಸೈಟೊಸೀನ್‌ನೊಡನೆಯೂ ಜೋಡಿಯಾಗುತ್ತವೆ. ಹೀಗೆ ಜೋಡಿಗೊಂಡ ಭಾಗಕ್ಕೆ ಕಾಂಡವೆಂದೂ ಜೋಡಿಯಿಲ್ಲದೆ ಉಳಿದ ಭಾಗಕ್ಕೆ ಕುಣಿಕೆಯೆಂದೂ ಹೆಸರು. ಕಾಂಡದ ಕೊನೆಯಲ್ಲಿ ಎಳೆ ಹಿಂತಿರುಗುವೆಡೆ ಇರುವುದು ತುದಿಕುಣಿಕೆ; ಕಾಂಡದ ನಡುವೆ ಎರಡೂ ಎಳೆಗಳಲ್ಲಿ ಜೋಡಿ ತಪ್ಪಿದೆಡೆ ಇರುವುದು ಒಳಕುಣಿಕೆ. ಕಾಗದದ ಮೇಲೆ ಬರೆದ ಚಿತ್ರದಲ್ಲಿ ಕಾಂಡಗಳು ನಿಯತವಾಗಿಯೂ ಕುಣಿಕೆಗಳು ಸಡಿಲವಾಗಿಯೂ ಕಾಣುತ್ತವೆ. ಆದರೆ ಅವಕಾಶದಲ್ಲಿ, ಅಂದರೆ ಮೂರು ಆಯಾಮಗಳಲ್ಲಿ, ಕುಣಿಕೆಗಳ ಸ್ಥಿತಿ ಹಾಗಿರುವುದಿಲ್ಲ.

ಪ್ರಸ್ತುತ ಪ್ರಬಂಧವು ಈ ಕುಣಿಕೆಗಳ ತ್ರಿಆಯಾಮ ರಚನೆಯನ್ನು ಅರಿತ ಚರಿತ್ರೆಯನ್ನು ನಿರೂಪಿಸುತ್ತದೆ. ಈ ಚರಿತ್ರೆಯ ನಡುವೆ ಒಂದು ವಿಚಿತ್ರ ಘಟ್ಟವಿದೆ. ಸುತ್ತಿಗೆತಲೆ ಎಂದು ಹೆಸರಾದ ಸ್ವಯಂಛೇದಕ ಆರ್‌ಎನ್‌ಎಯ ಹೊರ ಕುಣಿಕೆಗಳನ್ನು ಅನಗತ್ಯವೆಂದು ಭಾವಿಸಿ, 1987ರಿಂದ ಮುಂದಿನ ಹದಿನೈದು ವರ್ಷಗಳ ಬಹುಪಾಲು ಪ್ರಯೋಗಗಳಲ್ಲಿ ಅವುಗಳನ್ನು ಕತ್ತರಿಸಿ ತೆಗೆಯಲಾಯಿತು. ಕುಣಿಕೆಗಳಿಲ್ಲದ ಮಾದರಿಯಿಂದ ದೊರೆತ ರಚನೆಯು ರಾಸಾಯನಿಕ ಸಾಕ್ಷ್ಯದೊಡನೆ ಹೊಂದಲಿಲ್ಲ. ಕುಣಿಕೆಗಳನ್ನು ಮತ್ತೆ ಸೇರಿಸಿದಾಗಲೇ ಈ ವೈರುಧ್ಯ ಬಗೆಹರಿಯಿತು. ಅವು ಅನಗತ್ಯವೆಂದು ತೋರಲು ಕಾರಣವೇನು, ಅವುಗಳ ಮಹತ್ವವು ತಡವಾಗಿ ತಿಳಿದದ್ದೇಕೆ ಎಂಬ ಪ್ರಶ್ನೆಗಳೇ ಇಲ್ಲಿನ ವಿವೇಚನೆಯ ಕೇಂದ್ರ.

ಕಿಣ್ವವೆಂದರೆ ಪ್ರೋಟೀನ್ ಎಂಬ ನಂಬಿಕೆ

1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿ ಅದು ಪ್ರೋಟೀನೆಂದು ತೋರಿಸಿದರು. ಆರಂಭದಲ್ಲಿ ವಿರೋಧವನ್ನು ಎದುರಿಸಿದ ಈ ಅಭಿಪ್ರಾಯ ಕ್ರಮೇಣ ಸರ್ವಮಾನ್ಯವಾಗಿ, 1946ರಲ್ಲಿ ಸಮ್ನರ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಆ ಬಳಿಕ ಕಿಣ್ವವೆಂದರೆ ಪ್ರೋಟೀನ್ ಎಂಬುದು ಪಠ್ಯಪುಸ್ತಕಗಳ ಸೂತ್ರವಾಯಿತು. 1960ರ ದಶಕದ ಉತ್ತರಾರ್ಧದಲ್ಲಿ ಕಾರ್ಲ್ ವೋಸ್, ಫ್ರಾನ್ಸಿಸ್ ಕ್ರಿಕ್, ಲೆಸ್ಲಿ ಆರ್ಗೆಲ್ ಅವರು ಆರ್‌ಎನ್‌ಎಗೂ ಕ್ರಿಯಾವರ್ಧಕ ಗುಣವಿದ್ದಿರಬಹುದೆಂದು ಊಹಿಸಿದ್ದರು. ಆದರೆ ಆಗ ಅದಕ್ಕೆ ಪ್ರಯೋಗದ ಆಧಾರವಿರಲಿಲ್ಲ.

ಆಧಾರ ದೊರೆತದ್ದು 1982ರಲ್ಲಿ. ಕೊಲರಾಡೊ ವಿಶ್ವವಿದ್ಯಾಲಯದ ಥಾಮಸ್ ಚೆಕ್ ಮತ್ತು ಸಂಗಡಿಗರು ಟೆಟ್ರಾಹೈಮಿನಾ ಎಂಬ ಏಕಕೋಶಜೀವಿಯ ಆರ್‌ಎನ್‌ಎಯೊಂದು ತನ್ನ ನಡುವಿನ ತುಂಡನ್ನು ತಾನೇ ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಜೋಡಿಸಿಕೊಳ್ಳುವುದನ್ನು ತೋರಿಸಿದರು. 1983ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಿಡ್ನಿ ಆಲ್ಟ್‌ಮನ್ ಮತ್ತು ಸಹಸಂಶೋಧಕರು ಆರ್‌ಎನ್‌ಏಸ್-ಪಿ ಎಂಬ ಬ್ಯಾಕ್ಟೀರಿಯಾ ಕಿಣ್ವದಲ್ಲಿ ಕತ್ತರಿಸುವ ಕೆಲಸ ಮಾಡುವುದು ಅದರ ಆರ್‌ಎನ್‌ಎ ಭಾಗವೆಂದು ಸಿದ್ಧಪಡಿಸಿದರು. ಇಂತಹ ಆರ್‌ಎನ್‌ಎಗಳಿಗೆ ರೈಬೋಜೈಮ್ ಎಂಬ ಹೆಸರು ಬಂದಿತು. 1989ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಯನ್ನು ಚೆಕ್ ಮತ್ತು ಆಲ್ಟ್‌ಮನ್ ಹಂಚಿಕೊಂಡರು.

ಈ ಎರಡೂ ಆರ್‌ಎನ್‌ಎಗಳು ನೂರಾರು ನ್ಯೂಕ್ಲಿಯೋಟೈಡ್‌ಗಳಷ್ಟು ಉದ್ದವಿದ್ದವು. ಅವುಗಳ ಪೂರ್ಣ ಆಕಾರವನ್ನು ಅಂದಿನ ವಿಧಾನಗಳಿಂದ ಅರಿಯುವುದು ಕಷ್ಟವಾಗಿತ್ತು. ಅಧ್ಯಯನಕ್ಕೆ ಒಗ್ಗುವ ಚಿಕ್ಕ ರೈಬೋಜೈಮ್ ಒಂದು ಬೇಕಿತ್ತು. ಅದು ದೊರೆತದ್ದು ಸಸ್ಯರೋಗ ವಿಜ್ಞಾನದ ಕ್ಷೇತ್ರದಲ್ಲಿ.

ಸಸ್ಯರೋಗಗಳ ಅಧ್ಯಯನದಿಂದ ಬಂದ ಕೊಡುಗೆ

ಆಲೂಗಡ್ಡೆಯನ್ನು ಕದಿರಿನಂತೆ ಉದ್ದವಾಗಿ ವಿಕಾರಗೊಳಿಸುವ ರೋಗವೊಂದರ ಕಾರಣವನ್ನು ಹುಡುಕುತ್ತಿದ್ದ ಅಮೆರಿಕದ ಕೃಷಿ ಇಲಾಖೆಯ ಥಿಯೊಡೋರ್ ಡೀನರ್, ಅದು ಪ್ರೋಟೀನ್ ಕವಚವಿಲ್ಲದ ಪುಟ್ಟ ಆರ್‌ಎನ್‌ಎಯ ಕೆಲಸವೆಂದು ಕಂಡುಕೊಂಡು 1971ರಲ್ಲಿ ಅದಕ್ಕೆ ವೈರಾಯ್ಡ್ ಎಂದು ಹೆಸರಿಟ್ಟರು. 1978ರಲ್ಲಿ ಜರ್ಮನಿಯ ಸಂಶೋಧಕರು ಅದರ 359 ನ್ಯೂಕ್ಲಿಯೋಟೈಡ್‌ಗಳ ಅನುಕ್ರಮವನ್ನು ಪೂರ್ಣವಾಗಿ ಓದಿದರು. ಅದೊಂದು ಮುಚ್ಚಿದ ಉಂಗುರ; ಪ್ರೋಟೀನಿನ ತಯಾರಿಕೆಗೆ ಬೇಕಾದ ಯಾವ ಸಂಕೇತವೂ ಅದರಲ್ಲಿಲ್ಲ. ಈ ಆಲೂಗಡ್ಡೆ ವೈರಾಯ್ಡ್ ಸ್ವಯಂಛೇದಕವಲ್ಲ, ಅದು ತನ್ನ ಎಳೆಯನ್ನು ಕತ್ತರಿಸಲು ಆತಿಥೇಯ ಸಸ್ಯದ ಕಿಣ್ವಗಳನ್ನು ಅವಲಂಬಿಸುತ್ತದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಆದರೆ ಉಂಗುರಾಕಾರದ ಪುಟ್ಟ ಆರ್‌ಎನ್‌ಎಗಳತ್ತ ಗಮನ ಹರಿದದ್ದು ಇದರಿಂದಲೇ.

ಉಂಗುರವು ತನ್ನ ಪ್ರತಿಗಳನ್ನು ಮಾಡಿಕೊಳ್ಳುವ ಕ್ರಮವನ್ನು ಉರುಳುಚಕ್ರ ವಿಧಾನವೆನ್ನುತ್ತಾರೆ. ಪ್ರತಿ ತೆಗೆಯುವ ಕಿಣ್ವವು ಉಂಗುರದ ಸುತ್ತ ನಿಲ್ಲದೆ ಸುತ್ತುವುದರಿಂದ ಒಂದಕ್ಕೊಂದು ಅಂಟಿಕೊಂಡ ಪ್ರತಿಗಳ ಉದ್ದನೆಯ ಸರಪಣಿ ಹೊರಬರುತ್ತದೆ. ಈ ಸರಪಣಿಯನ್ನು ಪ್ರತಿ ಘಟಕದ ಗಡಿಯಲ್ಲಿ ನಿಖರವಾಗಿ ತುಂಡರಿಸದಿದ್ದರೆ ಹೊಸ ಉಂಗುರಗಳಾಗವು. ಎಲ್ಲಿ ಕತ್ತರಿಸಬೇಕೆಂಬುದು ಈ ಜೀವಿಗಳಿಗೆ ಅಳಿವು ಉಳಿವಿನ ಪ್ರಶ್ನೆ.

1986ರಲ್ಲಿ ಎರಡು ಗುಂಪುಗಳು ಇದಕ್ಕೆ ಉತ್ತರ ನೀಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಜಾರ್ಜ್ ಬ್ರೂನಿಂಗ್ ಅವರ ತಂಡವು ತಂಬಾಕಿನ ಉಂಗುರಚುಕ್ಕೆ ವೈರಸ್ಸಿನ ಉಪಗ್ರಹ ಆರ್‌ಎನ್‌ಎಯನ್ನು ಪರೀಕ್ಷಿಸಿತು. ತನ್ನ ಪ್ರತಿರೂಪಣಕ್ಕೂ ಕವಚಕ್ಕೂ ಇನ್ನೊಂದು ವೈರಸ್ಸನ್ನು ಆಶ್ರಯಿಸುವ ಆರ್‌ಎನ್‌ಎಯೇ ಉಪಗ್ರಹ ಆರ್‌ಎನ್‌ಎ. ಅದರ ಸರಪಣಿಯು ಪ್ರೋಟೀನ್ ಇಲ್ಲದ ದ್ರಾವಣದಲ್ಲಿಯೂ ತಾನಾಗಿಯೇ ತುಂಡಾಯಿತು. ಅದೇ ವರ್ಷ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ರಾಬರ್ಟ್ ಸೈಮನ್ಸ್ ಅವರ ತಂಡವು ಬೆಣ್ಣೆಹಣ್ಣಿನ ಬಿಸಿಲುಮಚ್ಚೆ ರೋಗದ ವೈರಾಯ್ಡ್‌ನಲ್ಲಿ ಇದನ್ನೇ ಕಂಡಿತು. ಈ ವೈರಾಯ್ಡ್‌ನ ಉದ್ದ ಸುಮಾರು 247 ನ್ಯೂಕ್ಲಿಯೋಟೈಡ್‌ಗಳು ಮಾತ್ರ.

ಕತ್ತರಿಸುವ ಕ್ರಿಯೆಯ ರಸಾಯನವೂ ಸರಳವಾಗಿತ್ತು. ಸಕ್ಕರೆಯ ಎರಡನೆಯ ಇಂಗಾಲಕ್ಕೆ ಅಂಟಿರುವ ಆಮ್ಲಜನಕವು ಪಕ್ಕದ ರಂಜಕದ ಮೇಲೆ ಎರಗಿ ಎಳೆಯ ಕೊಂಡಿಯನ್ನು ಬಿಡಿಸುತ್ತದೆ. ಇದು ಸುಗಮವಾಗಿ ನಡೆಯಬೇಕಾದರೆ ಎರಗುವ ಆಮ್ಲಜನಕ, ರಂಜಕ, ಬಿಟ್ಟುಹೋಗುವ ಆಮ್ಲಜನಕ ಈ ಮೂರೂ ಒಂದೇ ಗೆರೆಯಲ್ಲಿರಬೇಕು. ಸಾಮಾನ್ಯ ಸ್ಥಿತಿಯ ಎಳೆಯಲ್ಲಿ ಅವು ಹಾಗಿರುವುದಿಲ್ಲ. ಅವನ್ನು ಗೆರೆಗೆ ತಂದು ನಿಲ್ಲಿಸುವುದೇ ಮಡಿಕೆಯ ಕೆಲಸ. ಮುಂದಿನ ವಾದವಿವಾದಗಳಲ್ಲಿ ಈ ಒಂದು ಗೆರೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಸುತ್ತಿಗೆತಲೆ: ಚಿತ್ರ, ಹೆಸರು ಮತ್ತು ಕತ್ತರಿ

1987ರಲ್ಲಿ ಫಾರ್ಸ್ಟರ್ ಮತ್ತು ಸೈಮನ್ಸ್ ಅವರು ಅದುವರೆಗೆ ತಿಳಿದಿದ್ದ ಸ್ವಯಂಛೇದಕ ಅನುಕ್ರಮಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರು. ಮೂರು ಕಾಂಡಗಳು ಒಂದು ನಡುಭಾಗದಲ್ಲಿ ಕೂಡುವ ವಿನ್ಯಾಸ ಎಲ್ಲದರಲ್ಲಿಯೂ ಕಾಣಿಸಿತು. ಕಾಗದದ ಮೇಲಿನ ಚಿತ್ರವು ಸುತ್ತಿಗೆಯ ತಲೆಯನ್ನು ಹೋಲುತ್ತಿದ್ದುದರಿಂದ ಈ ರೈಬೋಜೈಮಿಗೆ ಅದೇ ಹೆಸರು ನಿಂತಿತು. ಕಾಂಡಗಳು ಕೂಡುವ ನಡುಭಾಗದ ಸುಮಾರು 15 ನ್ಯೂಕ್ಲಿಯೋಟೈಡ್‌ಗಳು ಎಲ್ಲ ಮಾದರಿಗಳಲ್ಲಿಯೂ ಹೆಚ್ಚು ಕಡಿಮೆ ಒಂದೇ ಆಗಿದ್ದವು. ಕಾಂಡಗಳ ಅನುಕ್ರಮ ಬದಲಾದರೂ ಜೋಡಿ ಉಳಿದಿತ್ತು. ತುದಿಕುಣಿಕೆಗಳಲ್ಲಿ ಮಾತ್ರ ಯಾವ ಸಾಮ್ಯವೂ ಕಾಣಲಿಲ್ಲ. ಉದ್ದವೂ ಅನುಕ್ರಮವೂ ಒಂದೊಂದರಲ್ಲಿ ಒಂದೊಂದು ಬಗೆ.

ಇದರಿಂದ ತೆಗೆದ ತೀರ್ಮಾನ ಸಹಜವಾಗಿಯೇ ಇತ್ತು. ಎಲ್ಲೆಡೆ ಬದಲಾಗದೆ ಉಳಿದದ್ದು ಅಗತ್ಯ, ಮನಬಂದಂತೆ ಬದಲಾಗುವುದು ಅನಗತ್ಯ. ಅದೇ ವರ್ಷ ಓಲ್ಕೆ ಉಹ್ಲೆನ್‌ಬೆಕ್ ಈ ತೀರ್ಮಾನವನ್ನು ಪ್ರಯೋಗಕ್ಕೆ ಒಡ್ಡಿದರು. ಅವರು ಸುತ್ತಿಗೆತಲೆಯನ್ನು ಎರಡು ಬಿಡಿ ತುಂಡುಗಳಾಗಿ ರಚಿಸಿದರು. ಅವುಗಳಲ್ಲಿ 19 ನ್ಯೂಕ್ಲಿಯೋಟೈಡ್‌ಗಳ ತುಂಡೊಂದು 24 ನ್ಯೂಕ್ಲಿಯೋಟೈಡ್‌ಗಳ ಇನ್ನೊಂದನ್ನು ಗೊತ್ತಾದ ಸ್ಥಳದಲ್ಲಿ ಕತ್ತರಿಸಿತು. 1988ರಲ್ಲಿ ಆಸ್ಟ್ರೇಲಿಯಾದ ಜಿಮ್ ಹೇಸೆಲಾಫ್ ಮತ್ತು ವೇಯ್ನ್ ಗರ್ಲಾಕ್ ಅವರು ತಕ್ಕ ತೋಳುಗಳನ್ನು ಜೋಡಿಸಿದರೆ ಈ ನಡುಭಾಗದಿಂದ ಬೇಕಾದ ಆರ್‌ಎನ್‌ಎಯನ್ನು ಕತ್ತರಿಸಬಹುದೆಂದು ತೋರಿಸಿದರು. ಎಚ್‌ಐವಿಯಂತಹ ವೈರಸ್‌ಗಳ ಆರ್‌ಎನ್‌ಎಯನ್ನು ರೈಬೋಜೈಮ್‌ನಿಂದ ತುಂಡರಿಸಿ ರೋಗವನ್ನು ತಡೆಯಬಹುದೆಂಬ ಆಸೆ ಚಿಗುರಿದ್ದು ಆಗಲೇ.

ಹೀಗೆ ಕುಣಿಕೆಗಳಿಲ್ಲದ ಸಂಕ್ಷಿಪ್ತ ಸುತ್ತಿಗೆತಲೆಯು ಪ್ರಯೋಗಶಾಲೆಗಳ ಪ್ರಮಾಣ ಮಾದರಿಯಾಯಿತು. ಅದು ಚಿಕ್ಕದು, ತಯಾರಿಸಲು ಸುಲಭ, ಅಳೆಯಲು ಅನುಕೂಲ. ಅದು ನಿಮಿಷಕ್ಕೆ ಸುಮಾರು ಒಂದು ಬಾರಿ ಕತ್ತರಿಸುತ್ತಿತ್ತು. ಕೆಲಸ ನಡೆಯುತ್ತಿರುವಾಗ ಕೈಬಿಟ್ಟ ಭಾಗದ ಬಗೆಗೆ ಸಂದೇಹ ಪಡಲು ಕಾರಣವಿರಲಿಲ್ಲ.

ಹರಳಿನ ಸಾಕ್ಷ್ಯ ಮತ್ತು ವೈರುಧ್ಯ

ಅಣುವಿನ ತ್ರಿಆಯಾಮ ರಚನೆಯನ್ನು ಅರಿಯುವ ಮುಖ್ಯ ಮಾರ್ಗ ಅದನ್ನು ಹರಳುಗಟ್ಟಿಸಿ ಕ್ಷ-ಕಿರಣ ಹಾಯಿಸುವುದು. 1994ರಲ್ಲಿ ಪ್ಲೇ, ಫ್ಲಹರ್ಟಿ, ಮೆಕೇ ಅವರು ಸುತ್ತಿಗೆತಲೆಯ ಮೊದಲ ಹರಳು ರಚನೆಯನ್ನು ಪ್ರಕಟಿಸಿದರು. ಅದರಲ್ಲಿ ಕತ್ತರಿಸಲ್ಪಡಬೇಕಾದ ಎಳೆಯ ಬದಲು ಕತ್ತರಿಸಲಾಗದ ಡಿಎನ್‌ಎ ಎಳೆಯನ್ನಿಡಲಾಗಿತ್ತು. 1995ರಲ್ಲಿ ಕೇಂಬ್ರಿಜ್‌ನ ವಿಲಿಯಂ ಸ್ಕಾಟ್, ಜಾನ್ ಫಿಂಚ್, ಆರನ್ ಕ್ಲಗ್ ಅವರು ಪೂರ್ಣ ಆರ್‌ಎನ್‌ಎಯಿಂದಾದ ಸುತ್ತಿಗೆತಲೆಯ ರಚನೆಯನ್ನು ನೀಡಿದರು. ಅದರಲ್ಲಿ ಎರಗುವ ಆಮ್ಲಜನಕಕ್ಕೆ ಒಂದು ಮೀಥೈಲ್ ಗುಂಪನ್ನು ತೊಡಿಸಿ ಕ್ರಿಯೆಯನ್ನು ತಡೆಹಿಡಿಯಲಾಗಿತ್ತು. ಎರಡೂ ರಚನೆಗಳು ಪರಸ್ಪರ ಹೊಂದಿದವು. ಕಾಗದದ ಮೇಲಿನ ಸುತ್ತಿಗೆ ಅವಕಾಶದಲ್ಲಿ ಕವಲೊಡೆದ ಕೊಂಬೆಯಂತಿತ್ತು.

ಆದರೆ ರಾಸಾಯನಿಕ ಪ್ರಯೋಗಗಳು ಬೇರೆಯದನ್ನೇ ಹೇಳುತ್ತಿದ್ದವು. ನಡುಭಾಗದ ಒಂದೊಂದೇ ಪ್ರತ್ಯಾಮ್ಲವನ್ನು, ಕೆಲವೊಮ್ಮೆ ಒಂದೊಂದೇ ಪರಮಾಣು ಗುಂಪನ್ನು ಬದಲಿಸಿ ನೋಡಿದಾಗ, 5, 8 ಮತ್ತು 12ನೆಯ ಸ್ಥಾನದ ಗ್ವಾನೀನ್‌ಗಳಲ್ಲಿ ಅಲ್ಪ ಬದಲಾವಣೆಯಾದರೂ ಕ್ರಿಯೆ ಬಹುಮಟ್ಟಿಗೆ ನಿಂತುಹೋಗುತ್ತಿತ್ತು. ಹರಳಿನಲ್ಲಿ ಇವು ಕತ್ತರಿಸುವ ಸ್ಥಳದಿಂದ ದೂರದಲ್ಲಿ, ಹೇಳಿಕೊಳ್ಳುವಂತಹ ಸಂಪರ್ಕವಿಲ್ಲದೆ ನಿಂತಿದ್ದವು. ಎರಗುವ ಆಮ್ಲಜನಕವೂ ರಂಜಕವೂ ಒಂದೇ ಗೆರೆಯಲ್ಲಿರಲಿಲ್ಲ. ಕಾಣುವ ರಚನೆಯೊಂದು, ಕೆಲಸ ಮಾಡುವ ರಚನೆ ಇನ್ನೊಂದು ಎನ್ನದೆ ಗತ್ಯಂತರವಿರಲಿಲ್ಲ. ನಡುಭಾಗವು ಕತ್ತರಿಸುವ ಕ್ಷಣದಲ್ಲಿ ಅಲ್ಪಸ್ವಲ್ಪ ಕದಲುತ್ತದೆಂದು ಒಂದು ಪಕ್ಷ ವಾದಿಸಿದರೆ, ಪೂರ್ತಿ ಮರುಜೋಡಣೆಯೇ ಆಗಬೇಕೆಂದು ಇನ್ನೊಂದು ಪಕ್ಷ ವಾದಿಸಿತು. 2005ರಲ್ಲಿ ಬ್ಲೌಂಟ್ ಮತ್ತು ಉಹ್ಲೆನ್‌ಬೆಕ್ ಬರೆದ ಸಮೀಕ್ಷೆಯು ಈ ಇಕ್ಕಟ್ಟನ್ನೇ ತನ್ನ ಶೀರ್ಷಿಕೆಯ ವಿಷಯವಾಗಿಸಿಕೊಂಡಿತು. ಎರಡೂ ಬಗೆಯ ಪ್ರಯೋಗಗಳನ್ನು ಸಂಕ್ಷಿಪ್ತ ಮಾದರಿಯ ಮೇಲೆಯೇ ಮಾಡಲಾಗಿತ್ತು ಎಂಬುದು ಇಲ್ಲಿ ಗಮನಾರ್ಹ.

ಹೇರ್‌ಪಿನ್: ಎರಡು ಒಳಕುಣಿಕೆಗಳ ಕೂಡಿಕೆ

ಇದೇ ಕಾಲದಲ್ಲಿ ಇನ್ನೊಂದು ಸ್ವಯಂಛೇದಕ ಆರ್‌ಎನ್‌ಎಯ ಅಧ್ಯಯನವೂ ಮುಂದುವರಿದಿತ್ತು. ತಂಬಾಕಿನ ಉಂಗುರಚುಕ್ಕೆ ವೈರಸ್ಸಿನ ಉಪಗ್ರಹ ಆರ್‌ಎನ್‌ಎಯ ಧನ ಎಳೆಯು ಸುತ್ತಿಗೆತಲೆಯಿಂದ ತುಂಡಾದರೆ, ಅದರ ಪೂರಕವಾದ ಋಣ ಎಳೆಯು ಹೇರ್‌ಪಿನ್ ಎಂಬ ಬೇರೊಂದು ರೈಬೋಜೈಮ್‌ನಿಂದ ತುಂಡಾಗುತ್ತದೆ. ಇದರ ಅಗತ್ಯ ಭಾಗಗಳಿರುವುದು ಅಕ್ಕಪಕ್ಕದ ಎರಡು ತೋಳುಗಳ ಒಳಕುಣಿಕೆಗಳಲ್ಲಿ. ಕತ್ತರಿಸುವ ಸ್ಥಳವಿರುವುದು ಎ ಕುಣಿಕೆಯಲ್ಲಿ. ಇನ್ನೊಂದಕ್ಕೆ ಬಿ ಕುಣಿಕೆಯೆಂದು ಹೆಸರು.

ಈ ಕುಣಿಕೆಗಳ ರಚನೆಯನ್ನು ಮೊದಲು ಬಿಡಿಬಿಡಿಯಾಗಿ ಅರಿಯಲಾಯಿತು. ಹರಳಿನ ಅಗತ್ಯವಿಲ್ಲದೆ ದ್ರಾವಣದಲ್ಲಿರುವ ಅಣುವಿನ ಪರಮಾಣುಗಳು ಒಂದಕ್ಕೊಂದು ಎಷ್ಟು ಹತ್ತಿರವಿವೆಯೆಂದು ತಿಳಿಸುವ ಕಾಂತೀಯ ಅನುರಣನ ವಿಧಾನ ಇದಕ್ಕೆ ನೆರವಾಯಿತು. 1996ರಲ್ಲಿ ಕಾಯ್ ಮತ್ತು ಟಿನೋಕೊ ಅವರು ಎ ಕುಣಿಕೆಯ ರಚನೆಯನ್ನೂ, 1999ರಲ್ಲಿ ಬುಚರ್, ಅಲೇನ್, ಫೈಗನ್ ಅವರು ಬಿ ಕುಣಿಕೆಯ ರಚನೆಯನ್ನೂ ಪ್ರಕಟಿಸಿದರು. ಚಿತ್ರದಲ್ಲಿ ಸಡಿಲ ಬಳೆಗಳಂತೆ ಕಾಣುತ್ತಿದ್ದ ಈ ಕುಣಿಕೆಗಳಲ್ಲಿ ಪ್ರತ್ಯಾಮ್ಲಗಳು ನಿಯಮಿತ ಜೋಡಿಗಳಾಗಿರದಿದ್ದರೂ ಅಸಾಮಾನ್ಯ ಜೋಡಿಗಳಾಗಿ ಒತ್ತೊತ್ತಾಗಿ ಹೊಂದಿಕೊಂಡಿದ್ದವು. ಕುಣಿಕೆಯು ಖಾಲಿ ಜಾಗವಲ್ಲ, ಅದಕ್ಕೂ ತನ್ನದೇ ಕಟ್ಟುವಿಕೆಯಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

2001ರಲ್ಲಿ ರೂಪರ್ಟ್ ಮತ್ತು ಫೆರೆ-ಡಾಮಾರೆ ಅವರು ಪೂರ್ಣ ಹೇರ್‌ಪಿನ್‌ನ ಹರಳು ರಚನೆಯನ್ನು ಪ್ರಕಟಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಎರಡು ತೋಳುಗಳು ಅಕ್ಕಪಕ್ಕಕ್ಕೆ ಬಂದು ಕುಣಿಕೆಗಳು ಒಂದರೊಳಗೊಂದು ಹೊಂದಿಕೊಂಡಿದ್ದವು. ಒಂಟಿ ಎ ಕುಣಿಕೆಯಲ್ಲಿ ತನ್ನ ಕುಣಿಕೆಯೊಳಗೇ ಜೋಡಿಗೊಂಡಿದ್ದ ಗ್ವಾನೀನ್ ಒಂದು, ಇಲ್ಲಿ ಹೊರಕ್ಕೆ ಹೊರಳಿ ಬಿ ಕುಣಿಕೆಯ ಸೈಟೊಸೀನ್‌ನೊಡನೆ ಜೋಡಿಯಾಗಿತ್ತು. ಈ ಹೊರಳುವಿಕೆಯಿಂದ ಕತ್ತರಿಸುವ ಸ್ಥಳದ ಪರಮಾಣುಗಳು ಒಂದೇ ಗೆರೆಗೆ ಬಂದಿದ್ದವು. ಬಿಡಿ ಕುಣಿಕೆಯ ರಚನೆ ತಪ್ಪಾಗಿರಲಿಲ್ಲ. ಅದು ಬಿಡಿಯಾಗಿದ್ದಾಗಿನ ರಚನೆಯಾಗಿತ್ತು, ಅಷ್ಟೇ.

ಹೇರ್‌ಪಿನ್‌ನಲ್ಲಿಯೂ ಕತ್ತರಿ ಆಡಿತ್ತು. ವೈರಸ್ಸಿನ ಉಪಗ್ರಹದಲ್ಲಿ ಈ ಎರಡು ತೋಳುಗಳು ನಾಲ್ಕು ಕಾಂಡಗಳು ಕೂಡುವ ಸಂಧಿಯೊಂದರ ಭಾಗಗಳು. ಪ್ರಯೋಗಶಾಲೆಯ ಸಂಕ್ಷಿಪ್ತ ಮಾದರಿಯಲ್ಲಿ ಉಳಿದೆರಡು ಕಾಂಡಗಳನ್ನು ತೆಗೆದುಹಾಕಲಾಗಿತ್ತು. 1998ರಲ್ಲಿ ಡೇವಿಡ್ ಲಿಲ್ಲಿ ಮತ್ತು ಸಂಗಡಿಗರು ನಾಲ್ಕು ಕಾಂಡಗಳ ಸಂಧಿಯು ಕುಣಿಕೆಗಳು ಕೂಡುವುದಕ್ಕೆ ನೆರವಾಗುತ್ತದೆಂದು ತೋರಿಸಿದರು. ಸಂಧಿ ಇದ್ದಾಗ ಬಹಳ ಕಡಿಮೆ ಮೆಗ್ನೀಸಿಯಂ ಇದ್ದರೂ ಮಡಿಕೆ ಸರಿಯಾಗಿ ಆಗುತ್ತದೆ. ಕತ್ತರಿಸುವ ಸ್ಥಳದಿಂದ ದೂರವಿರುವ ಭಾಗವೂ ಅಲ್ಲಿಯ ಕೆಲಸವನ್ನು ನಿರ್ಧರಿಸಬಲ್ಲದೆಂಬ ಸೂಚನೆ ಇಲ್ಲಿ ದೊರೆತಿತ್ತು.

ಕುಣಿಕೆಗಳ ಮರುಸೇರ್ಪಡೆ

ಸುತ್ತಿಗೆತಲೆಯ ವಿಷಯದಲ್ಲಿ ತಿರುವು ಬಂದದ್ದು 2003ರಲ್ಲಿ. ಸ್ಪೇನ್ ದೇಶದ ವೆಲೆನ್ಸಿಯಾದಲ್ಲಿ ಮಾರ್ಕೋಸ್ ಡಿ ಲಾ ಪೆನ್ಯಾ, ಸೆಲ್ಮಾ ಗಾಗೊ, ರಿಕಾರ್ಡೊ ಫ್ಲೋರೆಸ್ ಅವರು ವೈರಾಯ್ಡ್‌ಗಳ ಸುತ್ತಿಗೆತಲೆಗಳನ್ನು ಅವುಗಳ ಸ್ವಾಭಾವಿಕ ಕುಣಿಕೆಗಳ ಸಮೇತ ಪರೀಕ್ಷಿಸಿದರು. ಕುಣಿಕೆಗಳನ್ನು ಬದಲಿಸಿದರೆ ಅಥವಾ ತೆಗೆದರೆ ಕತ್ತರಿಸುವ ವೇಗ ತೀವ್ರವಾಗಿ ಕುಗ್ಗುತ್ತಿತ್ತು. ಅದೇ ವರ್ಷ ಅನಸ್ತೇಸಿಯಾ ಖ್ವೊರೊವಾ, ಎರಿಕ್ ವೆಸ್ಟಾಫ್ ಮತ್ತು ಸಹಸಂಶೋಧಕರು ಬೇರೊಂದು ದಾರಿಯಿಂದ ಇದೇ ನಿಲುವಿಗೆ ಬಂದರು. ಒಂದನೆಯ ಮತ್ತು ಎರಡನೆಯ ಕಾಂಡಗಳ ಕುಣಿಕೆಗಳು ಪರಸ್ಪರ ಸಂಪರ್ಕಿಸುತ್ತವೆ. ಆ ಸಂಪರ್ಕವಿದ್ದರೆ ಮಾತ್ರ ಜೀವಕೋಶದೊಳಗಿನ ಅಲ್ಪ ಮೆಗ್ನೀಸಿಯಂನಲ್ಲಿ ಸುತ್ತಿಗೆತಲೆ ಚುರುಕಾಗಿ ಕೆಲಸ ಮಾಡುತ್ತದೆ ಎಂಬುದು ಅವರ ನಿರ್ಣಯ. ಪೂರ್ಣ ಸುತ್ತಿಗೆತಲೆಯ ವೇಗವು ಸಂಕ್ಷಿಪ್ತ ಮಾದರಿಯ ವೇಗಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚಾಗಿರಬಲ್ಲದು ಎಂಬುದು ಆ ಬಳಿಕದ ಅಳತೆಗಳಿಂದ ತಿಳಿಯಿತು.

ಹಿಂದಿನ ದಶಕದಲ್ಲಿ ಔಷಧವಾಗಿ ರೂಪಿಸಿದ್ದ ಸಂಕ್ಷಿಪ್ತ ಸುತ್ತಿಗೆತಲೆಗಳು ಪ್ರನಾಳದಲ್ಲಿ ತೋರಿದ ಚುರುಕನ್ನು ಜೀವಕೋಶದಲ್ಲಿ ತೋರದಿದ್ದುದಕ್ಕೆ ಒಂದು ಕಾರಣ ಇದರಿಂದ ಸ್ಪಷ್ಟವಾಯಿತು. ಪ್ರನಾಳದಲ್ಲಿ ಮೆಗ್ನೀಸಿಯಂ ಅನ್ನು ಬೇಕಾದಷ್ಟು ಬೆರೆಸಿ ಕುಣಿಕೆಗಳ ಕೊರತೆಯನ್ನು ಮರೆಮಾಚಬಹುದಿತ್ತು. ಜೀವಕೋಶದಲ್ಲಿ ಆ ಅನುಕೂಲವಿಲ್ಲ.

ಇನ್ನು ಉಳಿದಿದ್ದು ರಚನೆಯ ಸಾಕ್ಷ್ಯ. 2006ರಲ್ಲಿ ಮೋನಿಕಾ ಮಾರ್ಟಿಕ್ ಮತ್ತು ವಿಲಿಯಂ ಸ್ಕಾಟ್ ಅವರು ಕುಣಿಕೆ ಸಮೇತವಾದ ಪೂರ್ಣ ಸುತ್ತಿಗೆತಲೆಯ ರಚನೆಯನ್ನು 2.2 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಪ್ರಕಟಿಸಿದರು. ಇದು ವೈರಸ್ಸಿನದಲ್ಲ, ಶಿಸ್ಟೊಸೋಮಾ ಎಂಬ ಪರೋಪಜೀವಿ ಹುಳುವಿನದು. ಒಂದನೆಯ ಕಾಂಡದ ಉಬ್ಬು ಎರಡನೆಯ ಕಾಂಡದ ಕುಣಿಕೆಯೊಡನೆ ಹೆಣೆದುಕೊಂಡು ಕಾಂಡವನ್ನು ತಿರುಚಿತ್ತು. ಆ ತಿರುಚು ನಡುಭಾಗಕ್ಕೆ ಮುಟ್ಟಿ ಅಲ್ಲಿನ ಪ್ರತ್ಯಾಮ್ಲಗಳ ಸ್ಥಾನ ಬದಲಾಗಿತ್ತು. 12ನೆಯ ಗ್ವಾನೀನ್ ಎರಗುವ ಆಮ್ಲಜನಕದಿಂದ ಜಲಜನಕವನ್ನು ಸೆಳೆಯಬಲ್ಲಷ್ಟು ಹತ್ತಿರದಲ್ಲಿತ್ತು. 8ನೆಯ ಗ್ವಾನೀನ್ 3ನೆಯ ಸೈಟೊಸೀನ್‌ನೊಡನೆ ಜೋಡಿಗೊಂಡು, ತನ್ನ ಸಕ್ಕರೆಯ ಮೂಲಕ ಬಿಟ್ಟುಹೋಗುವ ಆಮ್ಲಜನಕಕ್ಕೆ ಜಲಜನಕ ಕೊಡಬಲ್ಲ ಸ್ಥಾನದಲ್ಲಿತ್ತು. ಪರಮಾಣುಗಳು ಬಹುಮಟ್ಟಿಗೆ ಒಂದೇ ಗೆರೆಯಲ್ಲಿದ್ದವು. ಹತ್ತು ವರ್ಷಗಳ ಕಾಲ ಹರಳಿಗೂ ರಸಾಯನಕ್ಕೂ ಇದ್ದ ವೈರುಧ್ಯ ಇದರೊಂದಿಗೆ ಬಹುಪಾಲು ಬಗೆಹರಿಯಿತು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. 2006ರ ಹರಳಿನಲ್ಲಿಯೂ 1995ರ ಹರಳಿನಂತೆಯೇ ಮೀಥೈಲ್ ಗುಂಪಿನಿಂದ ಕ್ರಿಯೆಯನ್ನು ತಡೆಯಲಾಗಿತ್ತು. ಎರಡರ ಹಿಂದೆಯೂ ಇದ್ದ ಮುಖ್ಯ ಸಂಶೋಧಕರಲ್ಲಿ ಒಬ್ಬರು ಅದೇ ಸ್ಕಾಟ್. ಹಾಗಾಗಿ ರಚನೆಗಳ ವ್ಯತ್ಯಾಸಕ್ಕೆ ತಡೆಯ ಉಪಾಯವಾಗಲಿ ಕೈಚಳಕದ ಕೊರತೆಯಾಗಲಿ ಕಾರಣವೆನ್ನಲಾಗದು. 2008ರಲ್ಲಿ ಅದೇ ಪ್ರಯೋಗಶಾಲೆಯಿಂದ ತಂಬಾಕಿನ ಉಂಗುರಚುಕ್ಕೆ ವೈರಸ್ಸಿನ ಉಪಗ್ರಹದ ಸುತ್ತಿಗೆತಲೆಯ ರಚನೆಯೂ ಬಂದಿತು. ಅದರ ಕುಣಿಕೆಗಳ ಅನುಕ್ರಮ ಹುಳುವಿನದಕ್ಕಿಂತ ತೀರ ಬೇರೆ, ಹೆಣೆದುಕೊಳ್ಳುವ ರೀತಿಯೂ ಬೇರೆ. ಆದರೆ ನಡುಭಾಗವು ತಾಳಿದ ರೂಪ ಮಾತ್ರ ಒಂದೇ ಆಗಿತ್ತು.

ಡೆಲ್ಟಾ ವೈರಸ್ಸಿನ ಹುಸಿಗಂಟು

ಸ್ವಯಂಛೇದಕ ಆರ್‌ಎನ್‌ಎಯು ಸಸ್ಯಗಳಿಗಷ್ಟೇ ಸೀಮಿತವಲ್ಲ. 1977ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಮಾರಿಯೊ ರಿಜೆಟ್ಟೊ ಅವರು ಹೆಪಟೈಟಿಸ್-ಬಿ ರೋಗಿಗಳಲ್ಲಿ ಹೊಸದೊಂದು ಪ್ರತಿಜನಕವನ್ನು ಗುರುತಿಸಿ ಅದನ್ನು ಡೆಲ್ಟಾ ಎಂದು ಕರೆದರು. ಅದು ಬೇರೊಂದು ವೈರಸ್ಸಿನದೆಂದು ಮುಂದೆ ತಿಳಿಯಿತು. ಡೆಲ್ಟಾ ವೈರಸ್ಸಿನ ಆರ್‌ಎನ್‌ಎ ಸುಮಾರು 1,700 ನ್ಯೂಕ್ಲಿಯೋಟೈಡ್‌ಗಳ ಉಂಗುರ. ಹೊರ ಕವಚಕ್ಕಾಗಿ ಅದು ಹೆಪಟೈಟಿಸ್-ಬಿ ವೈರಸ್ಸನ್ನು ಆಶ್ರಯಿಸುತ್ತದೆ. ಇದರ ಎರಡೂ ಎಳೆಗಳಲ್ಲಿ ಸುಮಾರು 85 ನ್ಯೂಕ್ಲಿಯೋಟೈಡ್‌ಗಳ ಸ್ವಯಂಛೇದಕ ಭಾಗವಿರುವುದು 1980ರ ದಶಕದ ಕೊನೆಯಲ್ಲಿ ಸಿದ್ಧವಾಯಿತು.

1998ರಲ್ಲಿ ಫೆರೆ-ಡಾಮಾರೆ, ಜೌ, ಜೆನಿಫರ್ ಡೌಡ್ನಾ ಅವರು ಇದರ ಹರಳು ರಚನೆಯನ್ನು ಪ್ರಕಟಿಸಿದರು. ಒಂದು ಕುಣಿಕೆಯ ಪ್ರತ್ಯಾಮ್ಲಗಳು ತಮ್ಮ ಕಾಂಡದ ಹೊರಗಿನ ಎಳೆಯೊಡನೆ ಜೋಡಿಯಾದರೆ ಆ ಮಡಿಕೆಗೆ ಹುಸಿಗಂಟು ಎನ್ನುತ್ತಾರೆ. ಡೆಲ್ಟಾ ರೈಬೋಜೈಮ್‌ನಲ್ಲಿ ಇಂತಹ ಎರಡು ಹುಸಿಗಂಟುಗಳು ಒಂದರೊಳಗೊಂದು ಸೇರಿ, ಕತ್ತರಿಸುವ ಸ್ಥಳವನ್ನು ಒಂದು ಆಳವಾದ ಬಿರುಕಿನಲ್ಲಿ ಹುದುಗಿಸುತ್ತವೆ. ಇಲ್ಲಿ ಕುಣಿಕೆಯನ್ನು ತೆಗೆದು ಉಳಿದುದನ್ನು ಪರೀಕ್ಷಿಸುವ ಅವಕಾಶವೇ ಇಲ್ಲ; ಕುಣಿಕೆಯ ಜೋಡಣೆಯೇ ಅಣುವಿನ ಬೆನ್ನೆಲುಬು. 2006ರಲ್ಲಿ ಮನುಷ್ಯನ ಸಿಪಿಇಬಿ-3 ಎಂಬ ವಂಶವಾಹಿಯಲ್ಲಿಯೂ ಡೆಲ್ಟಾವನ್ನು ಹೋಲುವ ರೈಬೋಜೈಮ್ ಪತ್ತೆಯಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ದೀರ್ಘಕಾಲಿಕ ಹೆಪಟೈಟಿಸ್-ಬಿ ಸೋಂಕಿರುವವರಲ್ಲಿ ಶೇಕಡ 5ರಷ್ಟು ಜನರಿಗೆ ಡೆಲ್ಟಾ ಸೋಂಕೂ ಇದೆ. ಯಕೃತ್ತಿನ ಹಾನಿ ಅವರಲ್ಲಿ ಹೆಚ್ಚು ಬೇಗ ಉಲ್ಬಣಿಸುತ್ತದೆ. 2020ರಲ್ಲಿ ಯುರೋಪಿನಲ್ಲಿ ಷರತ್ತಿನ ಮೇಲೆ ಒಪ್ಪಿಗೆ ಪಡೆದ ಬುಲೆವಿರ್ಟೈಡ್ ಎಂಬ ಔಷಧವು ವೈರಸ್ಸು ಯಕೃತ್ತಿನ ಕೋಶವನ್ನು ಹೊಗುವುದನ್ನು ತಡೆಯುತ್ತದೆಯೇ ಹೊರತು ರೈಬೋಜೈಮನ್ನು ಮುಟ್ಟುವುದಿಲ್ಲ.

ಭಿನ್ನತೆ ಮತ್ತು ಅಗತ್ಯ

ಸುತ್ತಿಗೆತಲೆಯ ಕುಣಿಕೆಗಳು ಅಲಕ್ಷ್ಯಕ್ಕೊಳಗಾದುದಕ್ಕೆ ಸಂಶೋಧಕರ ಅಜಾಗರೂಕತೆ ಕಾರಣವಲ್ಲ. ತೌಲನಿಕ ವಿಧಾನದ ಒಂದು ಗ್ರಹಿಕೆಯೇ ಅದಕ್ಕೆ ಕಾರಣ. ಹಲವು ಮಾದರಿಗಳನ್ನು ಹೋಲಿಸಿದಾಗ ಸಮಾನವಾಗಿ ಉಳಿಯುವುದೇ ತಿರುಳು, ಬದಲಾಗುವುದು ಹೊರಸೇರ್ಪಡೆ ಎಂಬ ಗ್ರಹಿಕೆ ಜೀವವಿಜ್ಞಾನಕ್ಕಷ್ಟೇ ಸೀಮಿತವಲ್ಲ. ಜಾನಪದ ಅಧ್ಯಯನದಲ್ಲಿ ಫಿನ್ಲೆಂಡಿನ ಕಾರ್ಲೆ ಕ್ರೋನ್ ಮತ್ತು ಆಂಟಿ ಆರ್ನೆ ಅವರ ಐತಿಹಾಸಿಕ-ಭೌಗೋಳಿಕ ಪಂಥವು ಒಂದು ಕಥೆಯ ಪಾಠಾಂತರಗಳನ್ನೆಲ್ಲ ಕೂಡಿಹಾಕಿ, ವ್ಯತ್ಯಾಸಗಳನ್ನು ಕಳೆದು, ಮೂಲರೂಪವನ್ನು ಪಡೆಯಲು ಯತ್ನಿಸಿತು. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರು ಯುಗೊಸ್ಲಾವಿಯಾದ ಗಾಯಕರ ನಡುವೆ ನಡೆಸಿದ ಅಧ್ಯಯನವು ಇದಕ್ಕೆ ಬೇರೊಂದು ನೋಟವನ್ನು ಕೊಟ್ಟಿತು. ಪ್ರತಿ ಹಾಡಿಕೆಯಲ್ಲಿಯೂ ಬದಲಾಗುವ ಭಾಗವು ಅಡ್ಡಾದಿಡ್ಡಿಯಲ್ಲ. ಹಾಡನ್ನು ಆ ಹೊತ್ತಿಗೆ ಕಟ್ಟಿ ನಿಲ್ಲಿಸುವುದೇ ಅದು.

ಈ ಹೋಲಿಕೆಯನ್ನು ಎಳೆದು ಉದ್ದ ಮಾಡಬಾರದು. ಆರ್‌ಎನ್‌ಎ ಹಾಡಲ್ಲ, ಅದರ ಭಿನ್ನತೆಯ ಹಿಂದೆ ಗಾಯಕನ ಆಯ್ಕೆಯಿಲ್ಲ, ಉತ್ಪರಿವರ್ತನೆ ಮತ್ತು ನಿಸರ್ಗದ ಆಯ್ಕೆ ಇವೆ. ಆದರೆ ವಿಧಾನದ ಮಟ್ಟದಲ್ಲಿ ಸಾಮ್ಯವಿದೆ. ಸುತ್ತಿಗೆತಲೆಯ ನಡುಭಾಗವು ರಸಾಯನ ಕ್ರಿಯೆಯ ನಿರ್ಬಂಧಕ್ಕೆ ಒಳಪಟ್ಟಿರುವುದರಿಂದ ಅಕ್ಷರಕ್ಕೆ ಅಕ್ಷರ ಉಳಿಯಬೇಕಾಗಿದೆ. ಕುಣಿಕೆಗಳಿಗಿರುವ ನಿರ್ಬಂಧ ಬೇರೆ. ಎರಡು ಕುಣಿಕೆಗಳು ಒಂದನ್ನೊಂದು ಹಿಡಿಯಬೇಕು, ಅಷ್ಟೇ. ಯಾವ ಪ್ರತ್ಯಾಮ್ಲಗಳಿಂದ ಹಿಡಿಯಬೇಕೆಂಬ ಕಟ್ಟಳೆಯಿಲ್ಲ. ಒಂದರ ಅನುಕ್ರಮ ಬದಲಾದರೆ ಅದಕ್ಕೆ ತಕ್ಕಂತೆ ಇನ್ನೊಂದು ಬದಲಾಗಬಹುದು. ಆದ್ದರಿಂದ ಒಂದೊಂದೇ ಸ್ಥಾನವನ್ನು ಹೋಲಿಸುವ ಪಟ್ಟಿಯಲ್ಲಿ ಕುಣಿಕೆಗಳು ಅಸ್ತವ್ಯಸ್ತವಾಗಿ ಕಂಡವು. ಅವುಗಳ ಸಾಮ್ಯ ಅನುಕ್ರಮದಲ್ಲಿರಲಿಲ್ಲ, ಸಂಬಂಧದಲ್ಲಿತ್ತು. ಆ ಸಂಬಂಧವನ್ನು ಸಮತಲ ಚಿತ್ರದಲ್ಲಿ ತೋರಿಸಲಾಗುತ್ತಿರಲಿಲ್ಲ. ಚಿತ್ರದಲ್ಲಿ ಒಂದು ಕುಣಿಕೆ ಒಂದು ತುದಿಯಲ್ಲಿದ್ದರೆ ಇನ್ನೊಂದು ಮತ್ತೊಂದು ತುದಿಯಲ್ಲಿತ್ತು. ಸುತ್ತಿಗೆತಲೆ ಎಂಬ ಹೆಸರೂ ಆ ಸಮತಲ ಚಿತ್ರದಿಂದಲೇ ಬಂದದ್ದು.

ಸಂಕ್ಷಿಪ್ತ ಮಾದರಿಯಿಂದ ಪ್ರಯೋಜನವೇ ಆಗಲಿಲ್ಲವೆನ್ನುವುದೂ ಸರಿಯಲ್ಲ. ಗ್ವಾನೀನ್‌ಗಳ ಮಹತ್ವವನ್ನು ಗುರುತಿಸಿದ್ದು ಅದೇ ಮಾದರಿ. ಅದೂ ಆಗೊಮ್ಮೆ ಈಗೊಮ್ಮೆ ಸರಿಯಾದ ರೂಪವನ್ನು ತಾಳಿ ನಿಧಾನವಾಗಿಯಾದರೂ ಕತ್ತರಿಸುತ್ತಿತ್ತು. ಹರಳಿನಲ್ಲಿ ಕಂಡದ್ದು ಅದು ಹೆಚ್ಚು ಹೊತ್ತು ಇರುವ ರೂಪ. ರಾಸಾಯನಿಕ ಪ್ರಯೋಗ ಅಳೆದದ್ದು ಅಪರೂಪಕ್ಕೆ ತಾಳುವ ರೂಪ. ಎರಡು ಸಾಕ್ಷ್ಯಗಳೂ ತಮ್ಮ ತಮ್ಮ ಮಟ್ಟಿಗೆ ನಿಜವಾಗಿದ್ದವು. ಅವು ಹೊಂದುತ್ತಿಲ್ಲವೆಂಬುದನ್ನು ಬಚ್ಚಿಡದೆ ವರ್ಷಗಟ್ಟಲೆ ಚರ್ಚಿಸಿದ್ದರಿಂದಲೇ ಪರಿಹಾರದ ದಾರಿ ತೆರೆಯಿತು.

ಉಪಸಂಹಾರ

2010ರ ಬಳಿಕ ಈ ಕ್ಷೇತ್ರ ವಿಸ್ತಾರವಾಗಿ ಬೆಳೆದಿದೆ. ಸುತ್ತಿಗೆತಲೆಯು ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಅನೇಕ ಜೀವಿಗಳ ಜೀನೋಮ್‌ಗಳಲ್ಲಿ ಪತ್ತೆಯಾಗಿದೆ. 2014ರಲ್ಲಿ ಟ್ವಿಸ್ಟರ್, 2015ರಲ್ಲಿ ಪಿಸ್ತೂಲ್, ಹ್ಯಾಚೆಟ್ ಮೊದಲಾದ ಹೊಸ ಸ್ವಯಂಛೇದಕಗಳು ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ತಂಡದಿಂದ ವರದಿಯಾದವು. 2024ರಲ್ಲಿ ಮನುಷ್ಯನ ಬಾಯಿ ಮತ್ತು ಕರುಳಿನ ಸೂಕ್ಷ್ಮಜೀವಿಗಳ ಮಾಹಿತಿಯಲ್ಲಿ ಓಬೆಲಿಸ್ಕ್ ಎಂದು ಹೆಸರಿಸಲಾದ ಉಂಗುರ ಆರ್‌ಎನ್‌ಎಗಳು ಕಂಡುಬಂದು, ಅವುಗಳಲ್ಲಿ ಕೆಲವು ಸುತ್ತಿಗೆತಲೆಯನ್ನು ಹೊಂದಿವೆಯೆಂದು ತಿಳಿದುಬಂದಿದೆ. ಈ ಶೋಧಗಳಲ್ಲಿ ಬಹುಪಾಲು ಕಂಪ್ಯೂಟರ್‌ನಲ್ಲಿ ಅನುಕ್ರಮಗಳನ್ನು ಜಾಲಾಡಿ ಮಾಡಿದವು. ಬದಲಾಗದ ನಡುಭಾಗವನ್ನು ಹುಡುಕುವ ಉಪಾಯ ಅಲ್ಲಿ ಇಂದಿಗೂ ಅನಿವಾರ್ಯ. ಆದರೆ ಸಿಕ್ಕಿದ ಮಾದರಿಯನ್ನು ಪರೀಕ್ಷೆಗೆ ಒಡ್ಡುವಾಗ ಅದರ ಹೊರ ಕುಣಿಕೆಗಳನ್ನು ಉಳಿಸಿಕೊಳ್ಳಬೇಕೆಂಬ ಎಚ್ಚರವನ್ನು ಮೇಲೆ ವಿವರಿಸಿದ ಚರಿತ್ರೆ ಕಲಿಸಿದೆ.

ಆಲೂಗಡ್ಡೆ, ತಂಬಾಕು, ಬೆಣ್ಣೆಹಣ್ಣುಗಳ ರೋಗಗಳನ್ನು ಅರಿಯಹೊರಟ ಅಧ್ಯಯನವು ಆರ್‌ಎನ್‌ಎಯ ಸ್ವರೂಪದ ಬಗೆಗಿನ ಮೂಲಭೂತ ತಿಳಿವಳಿಕೆಗೆ ಕಾರಣವಾಯಿತು. ಪ್ರೋಟೀನನ್ನು ಕಟ್ಟುವ ರೈಬೋಸೋಮ್ ಕೂಡ ತನ್ನ ಮುಖ್ಯ ಕೆಲಸವನ್ನು ಆರ್‌ಎನ್‌ಎಯಿಂದಲೇ ಮಾಡುತ್ತದೆಂಬುದು 2000ದಲ್ಲಿ ದೊರೆತ ರಚನೆಗಳಿಂದ ಖಚಿತವಾಯಿತು. ಆ ಅಧ್ಯಯನಗಳಿಗಾಗಿ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್, ಆಡಾ ಯೋನಾತ್ ಅವರಿಗೆ 2009ರ ರಸಾಯನಶಾಸ್ತ್ರ ನೊಬೆಲ್ ಸಂದಿತು. ಆರ್‌ಎನ್‌ಎಯ ಯಾವುದೇ ಭಾಗ ನಿರುಪಯುಕ್ತವೆಂದು ಹೇಳುವ ಮುನ್ನ ಆ ಭಾಗವಿದ್ದಾಗಿನ ಮತ್ತು ಇಲ್ಲದಾಗಿನ ಕೆಲಸವನ್ನು, ಜೀವಕೋಶದಲ್ಲಿರುವಂತಹ ಸ್ಥಿತಿಯಲ್ಲಿಯೇ, ಅಳೆದು ನೋಡಬೇಕಾಗುತ್ತದೆ. ಸುತ್ತಿಗೆತಲೆಯ ಕುಣಿಕೆಗಳ ಮಟ್ಟಿಗೆ ಆ ಅಳತೆ ಪೂರ್ಣಗೊಳ್ಳಲು ಹದಿನಾರು ವರ್ಷ ಹಿಡಿಯಿತು.